ಬಕೆಟ್ಟಿನ ಮೀನು

ನೀತಾಗೆ ಮಾತು ಬಂದರೆ ತವರೂರು ಕದ್ವಾಡದ ದೇವಸ್ಥಾನದ ಕೆರೆಗೆ ಜೀವಂತ ಮೀನು ಬಿಡುತ್ತೇನೆ ಎಂದು ಸುಗಂಧಾ ಹರಕೆ ಹೊತ್ತಾಗ ಮಗಳಿಗೆ ಮೂರು ವರ್ಷ. ಮಾತು ಬಂತು, ಬಾಯಿ ಮುಚ್ಚಿಸಲಾಗದಷ್ಟು ಬಂತು. ಹರಕೆ ಮಾತ್ರ ಹಾಗೇ ಉಳಿಯಿತು. ಈಗ ನೀತಾ ಐದನೇ ಕ್ಲಾಸು. ವಾರದಿಂದ ಗಂಟಲು ಕಟ್ಟಿ ಬರೀ ಪಿಸುದನಿ. ತಾನಾಗೇ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರೂ, ಹರಕೆ ತೀರಿಸದ್ದಕ್ಕೇ ಹೀಗಾಯಿತೆಂದು ಸುಗಂಧಾಳ ಜೀವ ಕೇಳಲಿಲ್ಲ. ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಹಿತ್ತಿಲಲ್ಲಿ ಬಲೆ ಕಟ್ಟಿಟ್ಟಿದ್ದ ಬಕೆಟ್ಟಿನ ಬಾಯಿ ಬಿಚ್ಚಿದಳು.

ಮಳೆ ಹಿಡಿದ ಹೊಸತರಲ್ಲಿ ಹಟ್ಟಿಕೇರಿಯ ಗದ್ದೆಯಿಂದ ಹರಕೆಗೆಂದು ನೀತಾಳೇ ಹಿಡಿದು ತಂದಿದ್ದ ಮರಿಗಳು. ಅಂದು ಕೆಲಸ ಮುಗಿಸಿ ಬಂದ ಸುಗಂಧಾ ಬಗ್ಗಿ ನೋಡಿ, ಬಾಲ ಕಂಡು, ಮೀನೇ ಎಂದು ನಿರಾಳವಾಗಿದ್ದಳು. ಮುಂದಿನ ಸೋಮವಾರ, ಅದರ ಮುಂದಿನ ಸೋಮವಾರ ಎನ್ನುತ್ತ ಮಳೆಗಾಲ ಅರ್ಧ ಕಳೆದಿತ್ತು.

ಈಗ ಒಂದೊಂದಕ್ಕೂ ನಾಲ್ಕು ಕಾಲು. ಬಾಲ ಮೋಟಾಗಿತ್ತು.

"ಇದೆಂತದೇ? ಮೀನಿಗೆ ಕಾಲು!"

"ಕಪ್ಪೆ, ಆಯಿ. ಹಿಂದಿನ ಕಾಲು ಮೊದ್ಲು ಬಂತು, ಆಮೇಲೆ ಮುಂದಿಂದು," ನೀತಾ ಪಿಸುಗುಟ್ಟಿದಳು.

"ಗೊತ್ತಿದ್ದೂ ಹೇಳ್ಲಿಲ್ವೇ?"

"ನೀ ಯಾವಾಗ ಮನೇಲಿರ್ತೆ, ಹೇಳೂಕೆ?"

ಹಲ್ಲುಜ್ಜುತ್ತಿದ್ದ ಗಂಡ ರೂಪೇಶ ಇಣುಕಿ ನಕ್ಕ. "ನಿನ್ನ ಕಾಯ್ದೂ ಕಾಯ್ದೂ, ತಾವೇ ನಡ್ಕಂಡು ಹೋಗ್ವ ಅಂತ ಕಾಲು ಬರಿಸ್ಕಂಡ್ವು ಮಾರಾಯ್ತಿ. ಬೇರೆ ಮೀನು ತರ್ಲೇನೆ?"

"ಪೇಟೇಲಿ ಜೀವ ಇದ್ದ ಮೀನು ಎಲ್ಲಿ ಸಿಗ್ತದೆ ಹೇಳಿ? ರಜೆ ಇವತ್ತೊಂದೇ ದಿನ. ತಂದಾಗ ಮೀನಿನ ಹಾಗೇ ಇತ್ತಲ್ಲ..."

ಮರಿ ಹಿಡಿದ ದಿನವನ್ನು ದೇವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೋ, ಕೆರೆಗೆ ಬಿಟ್ಟ ದಿನವನ್ನೋ? ಬಸ್ಸಿನಲ್ಲಿ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಯೋಚಿಸಿದಳು. ಪಕ್ಕದಲ್ಲಿ ಕೂತ ಮಗಳು ಪಿಸುದನಿಯಲ್ಲಿ ಹೇಳಿದ್ದೊಂದೂ ಬಸ್ಸಿನ ಸದ್ದಿಗೆ ಕೇಳಿಸುತ್ತಿರಲಿಲ್ಲ.

ಕೆರೆಯ ಕೊನೆಯ ಮೆಟ್ಟಿಲಲ್ಲಿ ಬಕೆಟ್ಟು ಬಗ್ಗಿಸಿ, ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ತೆರೆದರೆ, ನೀರಿಗೆ ಬಿದ್ದವೆಲ್ಲ ಈಜಿ ಬಂದು ಮೆಟ್ಟಿಲೇರುತ್ತಿದ್ದವು. ಅಂಗೈಯಿಂದ ನೀರಿಗೆ ದೂಡಿದಳು. ಮತ್ತೆ ಬಂದವು. ಮತ್ತೆ ದೂಡಿದಳು.

"ಬಿಡೇ ಆಯಿ! ಅವಕ್ಕೆ ನೀರು ಸಾಕಾಯ್ತು!"

ನೀತಾ ಕೂಗಿದ್ದು ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿಸಿತು. ಅವರು ತಲೆ ಎತ್ತಿ ನೋಡಿದರು.

ಸುಗಂಧಾ ಖಾಲಿ ಬಕೆಟ್ಟು ಹಿಡಿದು ಮಗಳ ಬಾಯನ್ನೊಮ್ಮೆ, ಮೆಟ್ಟಿಲನ್ನೊಮ್ಮೆ ನೋಡಿದಳು. ಕೊನೆಯ ಕಪ್ಪೆಯೂ ಹುಲ್ಲಿಗೆ ಹಾರಿತು.

ಮೀನು ಬಿಡುವ ಹರಕೆ ತೀರಲಿಲ್ಲ.