ಒಲೆಯ ಸಾಕ್ಷಿ

"ಒಂದ್ ನಿಮಿಷ ನಿಲ್ಲಸ್ರಿ ಅದನ್ನ!" ಎಂದು ಶಿವಲೀಲಾ ಕೂಗಿದಳು. ಗಂಡ ಚನ್ನವೀರಪ್ಪ ಕೈ ಎತ್ತಿದರು. ಬುಲ್ಡೋಜರ್ ಮಸಿ ಹಿಡಿದ ಕಲ್ಲುಗಳ ಮುಂದೆ ಬಂದು ನಿಂತಿತು. ಪರದೇಶದ ಜಾರ್ಜ್‌ಟೌನಿನ ಈ ನಿವೇಶನದಲ್ಲಿ ಇಂದು ಅವರ ಭೂಮಿಪೂಜೆ, ನಾಳೆ ಅಡಿಪಾಯ.

"ಹಳೇ ಒಲಿ ಕಲ್ಲ ಅವು. ತಗದ್ ಒಗದ್ರ ಆತು," ಎಂದರು ಚನ್ನವೀರಪ್ಪ. ಶಿವಲೀಲಾ ಬೇಲಿಯಾಚೆ ನೋಡುತ್ತಿದ್ದಳು. ಪಕ್ಕದ ಮನೆಯ ಮುದುಕಿ ಎಡ್ನಾ ಟೋಪಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಈ ನೆಲ ಅವಳ ಮನೆತನದ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಏನನ್ನೂ ಕೇಳುವ ಹಕ್ಕು ತನಗಿಲ್ಲವೆಂಬಂತೆ ಬೇಲಿಯಾಚೆಯೇ ಉಳಿದಿದ್ದಳು. ಅವಳ ಮುತ್ತಜ್ಜಿ ಇಲ್ಲಿ ಗುಡಿಸಲು ಹಾಕಿದ ಕಾಲದಲ್ಲಿ, ಮೂರು ವರ್ಷ ಇಲ್ಲೇ ಬಾಳಿದ್ದನ್ನು ರುಜುವಾತು ಮಾಡಿದರೆ ಮಾತ್ರ ಸರ್ಕಾರ ಭೂಮಿ ಕೊಡುತ್ತಿತ್ತಂತೆ. ನೆರೆಯವರಿಬ್ಬರು ಹೋಗಿ, ಈ ಒಲೆಯ ಹೊಗೆಯನ್ನು ದಿನವೂ ನೋಡಿದ್ದೇವೆಂದು ಆಣೆ ಮಾಡಿದ್ದರಂತೆ. ಪರಿಚಯವಾದ ದಿನವೇ ಎಡ್ನಾ ಅದನ್ನು ಹೇಳಿದ್ದಳು.

ಶಿವಲೀಲಾ ಪೂಜೆಯ ಬುಟ್ಟಿಯಿಂದ ಹಾಲನ್ನೂ ಹಿತ್ತಾಳೆಯ ಪಾತ್ರೆಯನ್ನೂ ತೆಗೆದಳು. ಒಣ ಕಡ್ಡಿ ಆರಿಸಿ ಕಲ್ಲುಗಳ ನಡುವೆ ಒಟ್ಟಿದಳು.

"ಹಾಲ ಉಕ್ಕಸೂದು ಮನಿ ಕಟ್ಟಿದ ಮ್ಯಾಲಲ್ಲೇನ?"

"ಒಲಿ ಮೊದಲ ಐತಲ್ಲರಿ."

ಚನ್ನವೀರಪ್ಪ ಆ ಕಲ್ಲುಗಳನ್ನು ಇನ್ನೊಮ್ಮೆ ನೋಡಿದರು. "ಪೂಜಿ ಮುಗೀಲಿ. ಇವನ್ನ ನಾನ ಎತ್ತಿ ಹಿತ್ತಲದಾಗ ಇಡ್ತೀನಿ," ಎಂದು ತೋಳು ಮಡಿಸಿದರು.

ಶಿವಲೀಲಾ ಬೇಲಿಯ ಬಳಿಗೆ ಹೋಗಿ ಎಡ್ನಾಳ ಕೈಹಿಡಿದು ಕರೆತಂದು ಬೆಂಕಿಪೊಟ್ಟಣ ಕೊಟ್ಟಳು. ಎಡ್ನಾ ಕಡ್ಡಿ ಗೀರಿ ಒಲೆ ಹೊತ್ತಿಸಿದಳು. ಹಾಲು ಉಕ್ಕಿ ಕಲ್ಲಿನ ಮೇಲೆ ಹರಿಯಿತು. ಹೊಗೆ ಬೇಲಿ ದಾಟಿ ಮೇಲೇರಿತು.

ಎಡ್ನಾ ಟೋಪಿ ಹಾಕಿಕೊಂಡು ಹೇಳಿದಳು: "ಯಾರಾದರೂ ಕೇಳಿದರೆ ನನ್ನನ್ನು ಕರೆ. ನಾನು ಹೊಗೆ ನೋಡಿದ್ದೇನೆ."