ಹತ್ತು ಲೀಟರಿನ ಬಕೀಟು

"ಬಕೀಟಿನ ಮೈಮ್ಯಾಲೇ ಬರ್ದಾರಲ್ರೀ ಅಮ್ಮಾರ, ಹತ್ತು ಲೀಟರ್ ಅಂತ. ಅಂದ್ರ ಹತ್ತು ಕೆಜಿ. ಲೆಕ್ಕ ಮುಗೀತು," ಎಂದ ರಾಜೇಶ. ಗೊರೇಬಾಳದಲ್ಲಿ ವೀರಭದ್ರಮ್ಮನ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿತ್ತು. ಗುತ್ತಿಗೆದಾರನ ಪರವಾಗಿ ಕೆಲಸ ನೋಡಿಕೊಳ್ಳುವವನು ಅವನೇ. ಬಣ್ಣ ಖಾಲಿಯಾದ ಬಕೀಟುಗಳಲ್ಲಿ ಹೆಂಗಸರು ಉಸುಕು ಹೊರುತ್ತಿದ್ದರು.

ವೀರಭದ್ರಮ್ಮನ ಮೈಯೆಲ್ಲ ಉರಿಯಿತು. ಆ ಹೆಂಗಸರಲ್ಲಿ ಭಾರತಿಗೆ ಗರ್ಭಕೋಶದ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಹತ್ತು ಕೆಜಿ ಮೀರಿ ಎತ್ತಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಅದನ್ನು ಹೇಳಿದರೆ ಇವನು ಬಕೀಟು ಓದಿ ತೋರಿಸುತ್ತಾನೆ!

"ಅದು ನೀರಿನ ಲೆಕ್ಕಪ್ಪಾ. ಇದು ಹಸಿ ಉಸುಕು, ಇಪ್ಪತ್ತರ ಹತ್ರ ಬರ್ತೈತಿ. ನಮ್ಮ ಅಡಿಗಿಮನ್ಯಾಗಿನ ಡಬ್ಬಿ ತುಂಬ ಚುರುಮುರಿ ಹಾಕಿದ್ರ ಮೊಮ್ಮಗಳು ಕಿರುಬೆರಳಾಗ ಎತ್ತತಾಳ. ಅದರಾಗೇ ಉಪ್ಪು ತುಂಬಿದ್ರ ನನ್ನ ರಟ್ಟಿ ಕಿತ್ತು ಬರ್ತೈತಿ. ಏನು ಕಲ್ತೀ ನೀ?"

"ಡಿಪ್ಲೊಮಾ ರೀ," ಎಂದು ನಕ್ಕ ರಾಜೇಶ. "ಆಕಿಗೆ ಆಗಲ್ಲಂದ್ರ ಬ್ಯಾಡ ಬಿಡ್ರಿ, ನಾಳಿಂದ ಬ್ಯಾರೆದಾಕಿ ಬರ್ತಾಳ."

ಭಾರತಿ ಗಾಬರಿಯಾದಳು. "ಏನೂ ಭಾರ ಇಲ್ರೀ ಅಮ್ಮಾರ. ನನ್ನ ಸಲುವಾಗಿ ಜಗಳ ಬ್ಯಾಡ್ರಿ."

ಬಿಡುವವಳಲ್ಲ ವೀರಭದ್ರಮ್ಮ. ಬೀದಿಯಲ್ಲಿ ಹೊರಟಿದ್ದ ಗುಜರಿಯ ಶಕೀಲ್‌ನನ್ನು ಕೂಗಿ ಕರೆದು, ಅವನ ಕೊಕ್ಕೆ ತಕ್ಕಡಿಗೆ ಭಾರತಿಯ ತುಂಬಿದ ಬಕೀಟನ್ನೇ ನೇತು ಹಾಕಿಸಿದಳು.

"ಹತ್ತು. ಮ್ಯಾಲೆ ಒಂದೀಟು," ಎಂದ ಶಕೀಲ್.

"ಇಪ್ಪತ್ತು ಅಂದ್ರಲ್ರೀ?" ರಾಜೇಶನ ಹಲ್ಲೆಲ್ಲ ಕಂಡವು.

"ಸಾಧ್ಯನ ಇಲ್ಲ! ತಕ್ಕಡೀನ ಕೆಟ್ಟಿರಬೇಕು, ಇಲ್ಲಾ ಇದರಾಗ ಏನರ ಐತಿ. ಸುರುವಿ ನೋಡೇ ಬಿಡೋಣು!" ಎನ್ನುತ್ತ ಅವಳು ಬಗ್ಗಿ ಉಸುಕಿನೊಳಗೆ ಕೈ ತೂರಿಸಿದಳು.

ಬೆರಳಿಗೆ ಏನೋ ನುಣ್ಣಗೆ ತಗುಲಿತು. ದುಂಡಗಿನ ಪ್ಲಾಸ್ಟಿಕ್ಕು. ಬಕೀಟಿನ ತಳದಲ್ಲಿ ಯಾರೋ ಬೋಗುಣಿಯೊಂದನ್ನು ಕವುಚಿ ಹಾಕಿದ್ದರು. ಉಸುಕು ಇದ್ದದ್ದು ಅದರ ಮೇಲೆ, ಸುತ್ತ, ಅಷ್ಟೆ. ತಲೆಯೆತ್ತಿದರೆ, ಬಕೀಟು ತುಂಬಿಕೊಡುವ ಖಾತೂನ್‌ಬೀ ಸಲಿಕೆ ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. ಭಾರತಿಯ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ವೀರಭದ್ರಮ್ಮ ಮೆಲ್ಲಗೆ ಕೈ ಹೊರತೆಗೆದಳು. ಬಿದ್ದ ಗುಳಿಯನ್ನು ಅಂಗೈಯಿಂದ ಸವರಿ ಸರಿಮಾಡಿದಳು.

"ಹೌದಪ್ಪಾ, ಹತ್ತೇ ಐತಿ. ನಿಂದೇ ಖರೆ." ಎಂದಳು, ರಾಜೇಶನತ್ತ ತಿರುಗಿ.

"ಕಲ್ತವ್ರ ಲೆಕ್ಕ ಹಿಂಗಿರ್ತೈತ್ರೀ," ಎಂದು ರಾಜೇಶ ಸಿಳ್ಳೆ ಹಾಕುತ್ತ ಗೇಟಿನತ್ತ ಹೋದ.

ಭಾರತಿ ತಲೆಯ ಮೇಲೆ ಸಿಂಬಿ ಇಟ್ಟು, ಬಕೀಟು ಹೊತ್ತು ಮೆಟ್ಟಿಲು ಹತ್ತಿದಳು. ಅವಳ ಹಿಂದೆಯೇ ಉಸುಕು ಹೊರುವ ಇನ್ನೊಬ್ಬಳು, ಸೂಗಮ್ಮ, ತನ್ನ ಬಕೀಟು ಹೊತ್ತು ಹತ್ತಿದಳು, ಭಾರಕ್ಕೆ ಕುತ್ತಿಗೆ ಹೆಗಲೊಳಗೆ ಇಳಿದು ಹೋಗಿತ್ತು.

"ಆಕಿ ಬಕೀಟಿನ್ಯಾಗ ಬೋಗುಣಿ ಇಲ್ಲೇನು?" ಎಂದಳು ವೀರಭದ್ರಮ್ಮ, ದನಿ ತಗ್ಗಿಸಿ.

"ನನ್ನ ಹತ್ರ ಇದ್ದದ್ದು ಒಂದ ಬೋಗುಣಿ ರೀ ಅಮ್ಮಾರ," ಎಂದಳು ಖಾತೂನ್‌ಬೀ.

ವೀರಭದ್ರಮ್ಮ ದಡದಡನೆ ಒಳಗೆ ಹೋದಳು. ಅಡಿಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ತೋಳು ತುಂಬ ಪ್ಲಾಸ್ಟಿಕ್ ಬೋಗುಣಿ ಹೊತ್ತು ಬಂದು ಉಸುಕಿನ ಗುಡ್ಡೆಯ ಪಕ್ಕ ಸುರಿದು, ಗೇಟಿಗೆ ಕೇಳುವಂತೆ ಕೂಗಿದಳು:

"ಖಾತೂನ್‌ಬೀ, ಇವೆಲ್ಲಾ ಸೀಳ್ಯಾವ ನೋಡು! ನಿಮಗೇನರ ಉಪಯೋಗಾದ್ರ ಇಟ್ಕೋರಿ."

ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿರಲಿಲ್ಲ.