ಯಾರೂ ಏಳದ ಭಾಷಣ

ಹವಾಮಾನ ಬದಲಾವಣೆಯ ಬಗ್ಗೆ ಜನರ ಮನಸ್ಸು ತಿರುಗಿಸುವುದೇ ತಮ್ಮ ಉಳಿದ ಬದುಕಿನ ಕೆಲಸವೆಂದು ನಿವೃತ್ತ ಉಪನ್ಯಾಸಕ ಶರಭಯ್ಯನವರು ನಿರ್ಧರಿಸಿದ್ದರು. ಅಲ್ಲಿಂದೀಚೆಗೆ ಅವರು ಹೆಚ್ಚಾಗಿ ಮಾತಾಡಿದ್ದು ಖಾಲಿ ಕುರ್ಚಿಗಳ ಜೊತೆಗೆ. ಮನೆಯಲ್ಲಿ ಹೆಂಡತಿ ಕೂಡ ಸೋಲಾರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಒಲೆಯ ಮೇಲೆ ಹಾಲಿದೆಯೆಂದು ಎದ್ದು ಹೋಗುತ್ತಿದ್ದರು.

ಆದರೆ ಮೇ ತಿಂಗಳ ಆ ಮಧ್ಯಾಹ್ನ ರಾಯಚೂರು ಸೀಮೆಯ ಪುಟ್ಟ ಊರೊಂದರ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಲಿದ್ದಲ ಹೊಗೆ, ಕರಗುವ ಹಿಮ, ಗಾಳಿ ವಿದ್ಯುತ್ ಎಂದು ಶರಭಯ್ಯನವರು ಒಂದೂವರೆ ತಾಸು ಮಾತಾಡಿದರು. ಒಬ್ಬರೂ ಏಳಲಿಲ್ಲ. ಮುದುಕನೊಬ್ಬ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ತಮ್ಮ ಮಾತಿನಲ್ಲಿ ಇಷ್ಟು ಶಕ್ತಿ ಇತ್ತೇ ಎಂದು ಅವರಿಗೇ ಅಚ್ಚರಿಯಾಯಿತು. ಈ ಭಾಷಣವನ್ನು ಪುಸ್ತಕ ಮಾಡಿಸಬೇಕು, ಮುಖಪುಟಕ್ಕೆ ಕನ್ನಡಕವಿಲ್ಲದ ಫೋಟೋ ಕೊಡಬೇಕು ಎಂದು ಮಾತಿನ ನಡುವೆಯೇ ಯೋಚಿಸಿಬಿಟ್ಟರು.

"ಇಷ್ಟಕ್ಕ ನನ್ನ ಮಾತು ಮುಗಿಸ್ತೀನ್ರಿ," ಎಂದು ಅವರು ಕೈಮುಗಿದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಗಾಬರಿಯಿಂದ ಕೈಯೆತ್ತಿದಳು.

"ಮುಗಿಸಬ್ಯಾಡ್ರಿ ಸರ, ಇನ್ನೊಂದೀಟು ಮಾತಾಡ್ರಿ."

ಶರಭಯ್ಯನವರ ಕಣ್ಣು ತುಂಬಿ ಬಂತು. "ಯಾವುದರ ಬಗ್ಗೆ ಹೇಳ್ಲಿ ತಾಯಿ? ಸೋಲಾರ್ ಬಗ್ಗೆ ಹೇಳ್ಲೇನು, ಗಾಳಿ ಕರೆಂಟಿನ ಬಗ್ಗೆ ಹೇಳ್ಲೇನು?"

"ಏನರ ಹೇಳ್ರಿ, ಸ್ವಲ್ಪ ಮೆಲ್ಲಕ ಹೇಳ್ರಿ," ಎಂದು ಆಕೆ ಮಡಿಲ ಮೇಲಿನ ಸೆರಗನ್ನು ತುಸು ಸರಿಸಿದಳು. "ಊರಾಗ ಕರೆಂಟಿಲ್ಲ, ಜನರೇಟರ್ ಹಚ್ಚಿ ಏಸಿ ಬಿಟ್ಟಿದ್ದು ಇಲ್ಲಷ್ಟ, ಧಗಿಗೆ ರಾತ್ರಿಯೆಲ್ಲಾ ಅತ್ತ ಕೂಸು ಈಗ ಮಕ್ಕೊಂಡದರಿ."